ಗಾಬರಿಯ ಬುತ್ತಿ

ನಮ್ಮ ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಇಷ್ಟು ವರ್ಷ ನನಗೇ ಸಿಕ್ಕಿದ್ದು ಜೀವಶಾಸ್ತ್ರದ ಮೇಡಂ ಅವರ ಪುಣ್ಯದಿಂದ. ಅಫಜಲಪುರದ ಬೇಸಿಗೆಯಲ್ಲಿ ಅಂಥ ಕುರ್ಚಿಯ ಬೆಲೆ ಏನೆಂಬುದು ಇಲ್ಲಿ ಒಂದು ಏಪ್ರಿಲ್ ಕಳೆದವರಿಗೆ ಮಾತ್ರ ಗೊತ್ತು. ಹಿರಿತನದ ಪ್ರಕಾರ ಅದು ಅವರಿಗೇ ಸೇರಬೇಕಿತ್ತು. ಆದರೆ ಅವರು ಮೂಲೆಯಲ್ಲಿ ಗೋಡೆಗೆ ಒರಗಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂರುತ್ತಿದ್ದರು. ಫ್ಯಾನು ಕಳಚಿ ತಲೆ ಮೇಲೆ ಬಿದ್ದರೆ? ತಾವು ಕೂರದಿದ್ದರೆ ಹೋಗಲಿ, ನನ್ನನ್ನೂ ನೆಮ್ಮದಿಯಿಂದ ಕೂರಗೊಡುತ್ತಿರಲಿಲ್ಲ.

"ಕನ್ನಡ ಮೇಡಂ, ಜರಾ ಈ ಕಡೆ ಸರೀರಿ. ಅದು ಅಲಗಾಡಾಕತ್ತದ ನೋಡ್ರಿ."

"ಫ್ಯಾನ್ ಅಂದ್ರ ಅಲಗಾಡ್ತದರಿ ಮೇಡಂ. ಸುಮ್ಮನ ನಿಂತ್ರ ಗಾಳಿ ಎಲ್ಲಿಂದ ಬರಬೇಕು?"

"ನಿಮಗ ಎಲ್ಲಾ ಮಜಾಕ್ ಆಗ್ಯದ."

ಹೋದ ತಿಂಗಳು ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡದವಳು, ಮಾತಿಗೇನು ಬರ ಎಂಬ ಲೆಕ್ಕ. ಮೃದು ಸ್ವಭಾವ, ಶಿಸ್ತಿನ ಸಿಪಾಯಿ, ವಿದ್ಯಾರ್ಥಿಗಳ ಪಾಲಿನ ತಾಯಿ ಎಂದು ಎಲ್ಲರ ಬಗ್ಗೆಯೂ ಹೇಳುವ ನಾಲ್ಕು ಮಾತು ಹೇಳಿ, ಶಾಲು ಹೊದಿಸಿ ವೇದಿಕೆ ಇಳಿದೆ. ನಿಜವಾಗಿ ಹೇಳಬೇಕಾದದ್ದು ಹೇಳದೇ ಉಳಿಯಿತು. ಅದನ್ನು ಬರೆದರೆ ಬಂದೀತು ಎಂದು ಕುಳಿತಿದ್ದೇನೆ.

ಅವರಿಗೆ ನಮ್ಮ ಕಾಲೇಜಿನಲ್ಲಿ ಗಾಬರಿ ಮೇಡಂ ಎಂದೇ ಹೆಸರು. ಅವರ ಬ್ಯಾಗಿನಲ್ಲಿ ಒಂದು ಸಣ್ಣ ಆಸ್ಪತ್ರೆಯೂ ಒಂದು ಸಣ್ಣ ಕಿರಾಣಿ ಅಂಗಡಿಯೂ ಇದ್ದವು. ಓ.ಆರ್.ಎಸ್. ಪಾಕೀಟು, ಪಿನ್ನು, ಹತ್ತಿ, ಶೇಂಗಾ ಚಿಕ್ಕಿ, ತಲೆನೋವಿನ ಮುಲಾಮು. ಪರೀಕ್ಷೆಯ ದಿನ ಗೇಟಿನಲ್ಲೇ ನಿಂತು, ಯಾವ ಹುಡುಗಿ ಬರೀ ಹೊಟ್ಟೆಯಲ್ಲಿ ಬಂದಿದ್ದಾಳೆಂದು ಮುಖ ನೋಡಿಯೇ ಹಿಡಿಯುತ್ತಿದ್ದರು. ಸಂಜೆ ಬಸ್ಸಿನಲ್ಲಿ ಹಳ್ಳಿಗೆ ಹೋಗುವ ಹುಡುಗಿಯರೆಲ್ಲ ಮನೆ ಮುಟ್ಟಿದ ಮೇಲೆ ಅವರಿಗೆ ಒಂದು ಮಿಸ್ ಕಾಲ್ ಕೊಡಬೇಕೆಂಬುದು ಅವರೇ ಮಾಡಿದ ಕಾನೂನು. ಕೊಡುವುದು ಮರೆತ ಹುಡುಗಿಯ ಅಪ್ಪನಿಗೆ ಫೋನು ಹೋಗುತ್ತಿತ್ತು. ಮಳೆಗಾಲದಲ್ಲಿ ಭೀಮೆಗೆ ನೀರು ಬಿಟ್ಟ ಸುದ್ದಿ ಬಂದರಂತೂ ಮುಗಿಯಿತು. ಘತ್ತರಗಿ ಕಡೆಯ ಹುಡುಗಿಯರ ಮಿಸ್ ಕಾಲ್ ಬರುವ ತನಕ ಅವರ ಬಾಯಿಗೆ ಚಹಾ ಕೂಡ ಇಳಿಯುತ್ತಿರಲಿಲ್ಲ. ಭೌತಶಾಸ್ತ್ರದ ಸರ್, "ಇವರ ಮುಂದ ಅಲಾರಾಂ ಗಡಿಯಾರ ಇಟ್ಟರ ಅದಕ್ಕೂ ಬಿ.ಪಿ. ಬರ್ತದ" ಅನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಅವರೂ ನಗುತ್ತಿದ್ದರು, ಫೋನಿನ ಮೇಲೆ ಕಣ್ಣಿಟ್ಟುಕೊಂಡೇ.

ನಮ್ಮಿಬ್ಬರ ತರಗತಿಗಳ ನಡುವೆ ಇದ್ದದ್ದು ಅರ್ಧ ಗೋಡೆ, ಮೇಲರ್ಧ ಹಲಗೆ. ಅವರ ಪಾಠ ನನಗೂ, ನನ್ನ ಪಾಠ ಅವರಿಗೂ ಬಿಟ್ಟಿಯಾಗಿ ಕೇಳಿಸುತ್ತಿತ್ತು. ಒಂದು ದಿನ ಆ ಕಡೆ ನಗು ಜೋರಾಯಿತೆಂದು ಬಾಗಿಲಿಗೆ ಹೋಗಿ ನಿಂತೆ. ಮೇಜಿನ ಮೇಲೆ ಬಿಳಿ ಧೋತರದ ತುಂಡಿನಲ್ಲಿ ಕಟ್ಟಿದ ಬುತ್ತಿ ಗಂಟು. ಅವರು ಕೈಯಲ್ಲಿ ಖಡಕ್ ಜೋಳದ ರೊಟ್ಟಿ ಹಿಡಿದಿದ್ದರು.

"ಜೀವಕೋಶದಾಗ ಹಾರ್ಮೋನ್ ಹೆಂಗ ತಯಾರಾಗ್ತದ? ನಮ್ಮ ಮನ್ಯಾಗ ಬುತ್ತಿ ತಯಾರಾದಂಗ. ಒಳಗ ಒಬ್ಬಾಕಿ ಹಿಟ್ಟು ನಾದತಾಳ, ಒಬ್ಬಾಕಿ ರೊಟ್ಟಿ ಬಡೀತಾಳ. ಬಡದದ್ದೆಲ್ಲಾ ಕೋಶದಾಗ ಗಾಲ್ಗಿ ಅನ್ನೋ ಭಾಗದ ಕಡೆ ಹೋಗ್ತದ. ಗಾಲ್ಗಿ ಅಂದ್ರ ಮನ್ಯಾಗ ಯಾರು?"

"ಅತ್ತಿ ರೀ!" ಎಂದು ಇಡೀ ತರಗತಿ ಕೂಗಿತು.

"ಬರೋಬರ್. ಅತ್ತಿ ಕೈ ದಾಟದ ಯಾವ ಬುತ್ತಿನೂ ಹೊರಗ ಹೋಗಂಗಿಲ್ಲ. ಆಕಿ ಒಂದೊಂದೂ ತಿರುವಿ ನೋಡ್ತಾಳ. ಇದು ಹೊಲಕ್ಕ, ಇದು ಊರಿಗೆ ಅಂತ ಬ್ಯಾರೆ ಬ್ಯಾರೆ ಗಂಟು ಕಟ್ಟತಾಳ."

ಹಸಿ ರೊಟ್ಟಿ ಕಟ್ಟಿದರೆ ಹಳಸುತ್ತದೆ, ಒಣಗಿಸಿ ಒತ್ತಿ ಕಟ್ಟಿದರೆ ಸಣ್ಣ ಗಂಟಿನಲ್ಲಿ ರಾಶಿ ಹಿಡಿಯುತ್ತದೆ. ಕೋಶದ ಒಳಗಿನ ಗಂಟಿನಲ್ಲೂ ಹಾಗೇ ಎಂದರು ಮೇಡಂ. ನೀರು ಹೊರಗೆ ಹೋಗುತ್ತದೆ, ಪ್ರೋಟೀನಿನ ಉದ್ದನೆಯ ಸರಪಳಿಯನ್ನು ಬೇಕಾದಷ್ಟಕ್ಕೆ ಕತ್ತರಿಸುವ ಕೆಲಸವೂ ಆ ಗಂಟಿನೊಳಗೇ ನಡೆಯುತ್ತದೆ. ತಯಾರಾದ ಗಂಟುಗಳು ಕೋಶದ ಪೊರೆಯ ಹತ್ತಿರ ಬಂದು ಕಾಯುತ್ತವೆ. ನರದ ಕರೆ ಬಂದು, ಬಾಗಿಲು ತೆರೆದು, ಕ್ಯಾಲ್ಸಿಯಂ ಒಳಗೆ ನುಗ್ಗುವ ತನಕ ಬಹುಪಾಲು ಗಂಟು ಬಿಚ್ಚುವುದೇ ಇಲ್ಲ.

"ಬಿಚ್ಚೋದು ಹೆಂಗ ಅಂತೀರಿ? ಗಂಟನ್ನ ಹೊರಗ ಒಗೆಯಂಗಿಲ್ಲ. ಗಂಟಿನ ಬಟ್ಟಿನೇ ಹೋಗಿ ಮನಿ ಗ್ವಾಡಿಗೆ ಕೂಡಿಕೊಳ್ತದ. ಕೂಡಿದಲ್ಲಿ ಬಾಯಿ ಬಿಡ್ತದ. ಒಳಗಿಂದು ರಕ್ತಕ್ಕ ಹೋಗ್ತದ. ಹೆದರಿಕಿನೂ ಹಂಗ. ನಾಯಿ ಬೆನ್ನು ಹತ್ತಿದ ಮ್ಯಾಲ ದೇಹ ಹಿಟ್ಟು ನಾದಾಕ ಕೂಡಂಗಿಲ್ಲ. ಮೂತ್ರಪಿಂಡದ ತಲಿ ಮ್ಯಾಲ ಒಂದು ಗ್ರಂಥಿ ಅದ. ಅದರಾಗ ಗಾಬರಿದು ಬುತ್ತಿ ಮೊದಲ ಕಟ್ಟಿ ಇಟ್ಟಿರ್ತದ."

ಮುಂದಿನ ಬೆಂಚಿನ ಹುಡುಗಿಯೊಬ್ಬಳು, ಬುತ್ತಿಯಲ್ಲಿ ಬರೀ ರೊಟ್ಟಿ ಇರುತ್ತದೇನು ಎಂದು ಕೇಳಿದಳು. ಮೇಡಂ ಮುಖ ಅರಳಿತು. ಗಂಟಿನ ತಳದಿಂದ ಶೇಂಗಾ ಹಿಂಡಿಯ, ನಮ್ಮ ಕಡೆಯ ಚಟ್ನಿಪುಡಿಯ, ಪೊಟ್ಟಣ ತೆಗೆದು ತೋರಿಸಿದರು.

"ಶಾಣ್ಯಾಕಿ ನೋಡವಾ ನೀ. ಅಡ್ರಿನಾಲಿನ್ ಇದ್ದ ಗಂಟಿನಾಗೇ ಸಣ್ಣ ಸಣ್ಣ ಪೆಪ್ಟೈಡೂ ಇರ್ತಾವ, ನೋವು ಕಮ್ಮಿ ಮಾಡೋವು. ನಮ್ಮ ದೇಹ ಬರೇ ಗಾಬರಿ ಕಳಸಂಗಿಲ್ಲ. ಜೋಡಿಗೆ ಜರಾ ಸಮಾಧಾನನೂ ಕಟ್ಟಿ ಕಳಸ್ತದ."

ಆಮೇಲೆ ರೊಟ್ಟಿ ಹಿಂಡಿ ಇಡೀ ತರಗತಿಗೆ ಹಂಚಿ ಹೋಯಿತು. ಬಾಗಿಲಲ್ಲಿ ನಿಂತ ನನಗೂ ಅರ್ಧ ರೊಟ್ಟಿ ಸಿಕ್ಕಿತು.

ಈ ಚಿಂತೆಗಳಲ್ಲದೆ ಅವರಿಗೆ ಇನ್ನೊಂದು ತರಹದ ಗಾಬರಿ ಬರುತ್ತಿತ್ತು. ಅದು ನಗುವಂಥದ್ದಲ್ಲ. ಒಂದು ಸಲ ಕಪಾಟಿನ ಕೆಳಗಿನ ಅರೆಯಿಂದ ಉತ್ತರ ಪತ್ರಿಕೆಗಳ ಕಟ್ಟು ತೆಗೆಯಲು ಬಗ್ಗಿದವರು ಎದ್ದಾಗ ಮುಖ ಸುಣ್ಣ ಬಳಿದಂತಾಗಿತ್ತು. ರವಿಕೆ ನೆನೆಯುವಷ್ಟು ಬೆವರು. ಕೈ ನಡುಗುತ್ತಿತ್ತು, ತಲೆ ಸಿಡಿಯುತ್ತದೆ ಎಂದು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕುತ್ತಿಗೆಯ ನರ ಹಾರುವುದು ನನಗೆ ಎದುರಿನ ಕುರ್ಚಿಯಿಂದಲೇ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಎಲ್ಲ ತಾನಾಗೇ ಇಳಿದು, ಏನೂ ಆಗದವರಂತೆ ನೀರು ಕುಡಿದರು. ಇಂಥದ್ದು ಬರುಬರುತ್ತ ಹೆಚ್ಚಾಯಿತು. ತೋರಿಸಿದ ಕಡೆಯೆಲ್ಲ ಬಿ.ಪಿ. ನೋಡುವ ಹೊತ್ತಿಗೆ ಸರಿಯಾಗಿಯೇ ಇರುತ್ತಿತ್ತು. ಟೆನ್ಶನ್ ಮಾಡಿಕೊಳ್ಳಬೇಡಿ ಎಂದು ನಿದ್ದೆ ಗುಳಿಗೆ ಕೊಟ್ಟು ಕಳಿಸುತ್ತಿದ್ದರು. ಮೊದಲೇ ಹೆದರುವ ಹೆಣ್ಣುಮಗಳು, ಇನ್ನೇನಿದ್ದೀತು ಎಂದು ನಾವೂ ಅಂದುಕೊಂಡೆವು. ಅವರೂ ಹಾಗೇ ಅಂದುಕೊಂಡಿದ್ದರು.

ಮನೆಯಲ್ಲಿ ಇದ್ದದ್ದು ಅವರು ಮತ್ತು ಅವರ ಅತ್ತೆ, ಇಬ್ಬರೇ. ಯಜಮಾನರು ತೀರಿ ಎಷ್ಟೋ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅತ್ತೆ ಯಡ್ರಾಮಿಯ ಕಡೆಯ ಗಟ್ಟಿ ಮುದುಕಿ. ಸೊಸೆಯ ಗಾಬರಿ ಬಿಡಿಸು ತಾಯಿ, ಆಕೆಯ ಕೈಯಲ್ಲಿ ದೀಡ ನಮಸ್ಕಾರ ಹಾಕಿಸುತ್ತೇನೆ ಎಂದು ಘತ್ತರಗಿ ಭಾಗ್ಯವಂತಿಗೆ ಬೇಡಿಕೊಂಡುಬಿಟ್ಟಳು. ಹೊಳೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ನೆಲಕ್ಕೆ ಬೋರಲು ಮಲಗಿ, ಕೈ ಮುಟ್ಟಿದಲ್ಲಿ ಗೆರೆ ಹಾಕಿ, ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಮಲಗುತ್ತ ಗುಡಿಯ ತನಕ ಹೋಗುವ ಹರಕೆ ಅದು. ಮೇಡಂ ಇಲ್ಲ ಎನ್ನಲಿಲ್ಲ. ಅತ್ತೆ ಫಿಕರ್ ಮಾಡುತ್ತಾಳೆ, ಆಕೆಗೆ ಸಮಾಧಾನವಾಗಲಿ ಎಂದರು. ಜೊತೆಗೆ ನೀವೂ ಬನ್ನಿ ಎಂದು ನನ್ನನ್ನೂ ಎಳೆದುಕೊಂಡು ಹೋದರು.

ಅಮಾವಾಸ್ಯೆ, ಜನವೋ ಜನ. ಮೊದಲ ಕೆಲವು ನಮಸ್ಕಾರ ಚೆನ್ನಾಗಿಯೇ ಹಾಕಿದರು. ಮಲಗಿ ಎದ್ದಾಗ ನನ್ನ ಕಡೆ ನೋಡಿ ಮುಗುಳ್ನಗುತ್ತಿದ್ದರು, ಈ ವಯಸ್ಸಿನಲ್ಲಿ ಇದೇನು ಕವಾಯತು ಎಂಬಂತೆ. ಅಷ್ಟರಲ್ಲಿ ಒಮ್ಮೆ ಎದ್ದವರು ಎದ್ದಲ್ಲೇ ನಡುಗತೊಡಗಿದರು. ಮುಖದಲ್ಲಿ ರಕ್ತವಿಲ್ಲ, ಕಣ್ಣು ಅಗಲ, ಹಲ್ಲು ಕಟಕಟ.

"ತಾಯಿ ಬಂದಾಳ! ತಾಯಿ ಮೈಮ್ಯಾಲ ಬಂದಾಳ!" ಎಂದು ಯಾರೋ ಕೂಗಿದರು.

ನೋಡನೋಡುತ್ತ ಹೆಂಗಸರು ಸುತ್ತುವರಿದರು. ಹಣೆ ತುಂಬ ಕುಂಕುಮ ಹಚ್ಚಿದರು, ಕೊರಳಿಗೆ ಹೂ ಹಾಕಿದರು, ಕಾಲಿಗೆ ಬಿದ್ದರು. ಅತ್ತೆಯಂತೂ ಕೈ ಮುಗಿದು ಅಳುತ್ತ ನಿಂತುಬಿಟ್ಟಳು. ನಾನು ಜನರನ್ನು ತಳ್ಳಿಕೊಂಡು ಹೋಗಿ ಅವರ ಕೈ ಹಿಡಿದೆ. ಬಿಸಿಲಿನಲ್ಲೂ ಕೈ ತಣ್ಣಗಿತ್ತು, ಮಣಿಕಟ್ಟಿನಲ್ಲಿ ನಾಡಿ ಹುಚ್ಚು ಹಿಡಿದಂತೆ ಓಡುತ್ತಿತ್ತು. ಈಗ ಇಲ್ಲೇ ಹೋಗಿಬಿಡುತ್ತಾರೆ ಎಂದು ನನಗೆ ಜೀವವೇ ಹಾರಿತು. ಇಷ್ಟರ ನಡುವೆ ಒಬ್ಬ ಹೆಂಗಸು ಮಂಡಿಯೂರಿ, "ಯವ್ವಾ, ನನ್ನ ಸೊಸಿಗಿ ಮಕ್ಕಳಾಗಾಕತ್ತಿಲ್ಲ. ಏನ ಮಾಡ್ಲಿ, ಹೇಳವ್ವಾ" ಎಂದು ಸೆರಗೊಡ್ಡಿದಳು.

ಮೇಡಂ ನಡುಗುತ್ತಲೇ ಆಕೆಯನ್ನು ನೋಡಿದರು. "ಥೈ... ಥೈರಾಯ್ಡ್ ಪರೀಕ್ಷಾ ಮಾಡಸ್ರಿ" ಎಂದರು.

"ತಾಯಿ ಥೈರಾಯ್ಡ್ ಅಂದಳವ್ವಾ!" ಎಂದು ಆ ಹೆಂಗಸು ಇನ್ನೊಮ್ಮೆ ಕಾಲಿಗೆ ಬಿದ್ದಳು.

ವಾಪಸು ಬರುವ ಬಸ್ಸಿನಲ್ಲಿ ಅವರು ಕಿಟಕಿ ಹಿಡಿದು ಕುಳಿತಿದ್ದರು. ಹಣೆಯ ಕುಂಕುಮ ಬೆವರಿಗೆ ಇಳಿದು ಮೂಗಿನ ತನಕ ಬಂದಿತ್ತು. ಅದನ್ನು ಸೆರಗಿನಿಂದ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ತಂಗೀ, ನಾ ಹೆದರಿದ್ದಿಲ್ರಿ."

"ಇರಲಿ ಬಿಡ್ರಿ ಮೇಡಂ."

"ಖರೇ ಹೇಳಾಕತ್ತೇನಿ. ಒಂದೀಟೂ ಹೆದರಿದ್ದಿಲ್ಲ. ನಗಾಕತ್ತಿದ್ದೆ, ನೀವ ನೋಡೀರಲ್ಲ. ಹೊಟ್ಟಿ ನೆಲಕ್ಕ ಒತ್ತಿತು, ಎದ್ದೆ, ಬಂತು. ಅವತ್ತು ಪೇಪರ್ ಕಟ್ಟು ತಗೀಲಾಕ ಬಗ್ಗಿದೆ, ಬಂತು. ರೊಟ್ಟಿ ಬಡ್ಯಾಕ ಬಗ್ಗಿದಾಗೂ ಬಂದದ. ಹುಡುಗ್ಯಾರ ಫೋನ್ ಬರದಾಗ ಎಂದಾದ್ರೂ ಬಂದದೇನ್ರಿ? ಇಲ್ಲ. ಯಾರೂ ಕರೀಲಾರದ ಗಂಟು ಬಿಚ್ಚಾಕತ್ತದರಿ."

ಅವರ ಬುತ್ತಿಯ ಪಾಠ ನೆನಪಾಗಿ ಇದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು.

ಸೊಲ್ಲಾಪುರದ ಡಾಕ್ಟರರು ಮೇಡಂ ಹೇಳಿದ್ದನ್ನೆಲ್ಲ ಕೇಳಿ, ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನೆಲ್ಲ ಕೂಡಿಸಿ ತರಲು ಔಷಧಿ ಹಾಕಿದ ಕ್ಯಾನು ಕೊಟ್ಟರು. ಆ ಗ್ರಂಥಿಯಿಂದ ಸುರಿದದ್ದರ ಚೂರುಗಳು ಮೂತ್ರದಲ್ಲಿ ಸಿಗುತ್ತವಂತೆ. ತುಂಬಿದ ಕ್ಯಾನನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಹೊರಟೆವು. ಕಂಡಕ್ಟರ್ ಟಿಕೀಟು ಹರಿಯುತ್ತ ಕ್ಯಾನಿನ ಮೇಲೆ ಕಣ್ಣು ಹಾಕಿದ.

"ಗಾಣದ ಕುಸುಬಿ ಎಣ್ಣಿ ಏನ್ರಿ ಮೇಡಂ? ಭಾಳ ಛಲೋ ಬಣ್ಣ ಬಂದದ. ಎಲ್ಲಿ ಹಾಕಿಸೀರಿ?"

"ಮನ್ಯಾಗ ರೀ" ಎಂದರು ಮೇಡಂ, ಮುಖದ ಗೆರೆಯೊಂದೂ ಅಲುಗದಂತೆ. ನನಗೆ ಸೊಲ್ಲಾಪುರ ಬರುವ ತನಕ ಸೆರಗು ಬಾಯಿಂದ ತೆಗೆಯಲಾಗಲಿಲ್ಲ. ಅಷ್ಟು ದಿನಗಳಲ್ಲಿ ನಾವು ನಕ್ಕದ್ದು ಅದೊಂದೇ ಸಲ.

ಅವರು ಅಂದುಕೊಂಡದ್ದೇ ಆಗಿತ್ತು. ಎಡ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಲಿಂಬೆಹಣ್ಣಿನಷ್ಟು ಗಡ್ಡೆ ಬೆಳೆದಿತ್ತು. ತಾನೇ ಹಾರ್ಮೋನು ಮಾಡಿ, ತಾನೇ ಕಟ್ಟಿ, ತನಗೆ ತೋಚಿದಾಗ ಸುರಿಯುವ ಗಡ್ಡೆ. ಬಿಟ್ಟರೆ ಒಂದು ದಿನ ಎದೆಯೋ ಮೆದುಳೋ ತಡೆಯುವುದಿಲ್ಲ. ತೆಗೆಯಬೇಕೆಂದರೆ, ಕೈ ಹಚ್ಚಿದ ಕೂಡಲೇ ಒಳಗಿನದನ್ನೆಲ್ಲ ಒಮ್ಮೆಲೇ ಸುರಿದೀತು. ಅದಕ್ಕೇ ಮೊದಲು ಕೆಲವು ದಿನ ಗುಳಿಗೆ ಕೊಟ್ಟು ರಕ್ತನಾಳಗಳನ್ನು ಸಡಿಲ ಮಾಡಿ ಆಮೇಲೆ ಆಪರೇಷನ್ ಎಂದರು.

ಆ ಕೆಲವು ದಿನಗಳು ನನಗೆ ಇವತ್ತಿಗೂ ಬೇಡ. ಗುಳಿಗೆ ನುಂಗಿ ಎದ್ದರೆ ಅವರಿಗೆ ತಲೆ ತಿರುಗುತ್ತಿತ್ತು. ಅವರು ಬಗ್ಗದಂತೆ ಅತ್ತೆ ಕಾವಲು ಕೂತಿದ್ದಳು. ನಾನು ದಿನಾ ಸಂಜೆ ಅವರ ಮನೆಗೆ ಹೋಗುತ್ತಿದ್ದೆ. ಒಂದು ಸಂಜೆ ಹೋದಾಗ, ಆಪರೇಷನ್ ಬೇಡ ಅಂದುಬಿಟ್ಟರು.

"ಸಾಯ್ತೀನಂತ ಅಲ್ರಿ. ಬ್ಯಾರೆ ಒಂದು ಹತ್ತ್ಯದ ತಲ್ಯಾಗ."

"ಏನ್ರಿ ಅದು?"

"ಬಸ್ಸಿನಾಗ ನಾನೇ ಅಂದಿದ್ದೆ, ಹುಡುಗ್ಯಾರ ಫೋನ್ ಬರದಾಗ ಅದು ಬರಂಗಿಲ್ಲಂತ. ಆದ್ರ ಒಳಗ ಹನಿ ಹನಿ ಸದಾ ಸೋರಾಕತ್ತಿದ್ರ? ಅದರ ಸಲುವಾಗಿನೇ ನಾ ಇಷ್ಟು ಕಾಳಜಿ ಮಾಡತಿದ್ರ? ಉಂಡೀರೇನು, ಮುಟ್ಟೀರೇನು ಅಂತ ಕೇಳಿದ್ದೆಲ್ಲಾ ಆ ಗಡ್ಡಿ ಕೇಳಿದ್ದಾದ್ರ, ನಾ ಕೇಳಿದ್ದು ಯಾವುದ್ರಿ? ಅದನ್ನ ಕೊಯ್ದು ಒಗದ ಮ್ಯಾಲ ನಾ ಕಲ್ಲಾಗಿ ಹೊರಗ ಬಂದ್ರ?"

"ಕಲ್ಲಾದ್ರ ಛಲೋ ಆತು. ಸ್ಟಾಫ್ ರೂಮಿನಾಗ ನಮಗ ಜರಾ ಶಾಂತಿ ಸಿಗ್ತದ" ಎಂದೆ. ನನ್ನ ಬಾಯಿಗೆ ಬರುವುದೇ ಇಂಥ ಮಾತು. ಅವರು ನಗಲಿಲ್ಲ. ಇಡೀ ಬದುಕಿನಲ್ಲಿ ತನ್ನದೆಂದು ಇದ್ದದ್ದು ಅದೊಂದೇ, ಅದೂ ರೋಗವಾಗಿದ್ದರೆ ಹೇಗೆ ಎಂದು ಕೇಳುವ ಮನುಷ್ಯರಿಗೆ ಯಾರು ಏನು ಹೇಳಿಯಾರು? ಕೊನೆಗೆ ಉತ್ತರ ಕೊಟ್ಟವಳು ಅತ್ತೆ. ಒಳಗಿನಿಂದ ಕೇಳಿಸಿಕೊಂಡು ಬಂದು, ಸೊಸೆಯ ಎದುರು ಕುಕ್ಕರಗಾಲಲ್ಲಿ ಕೂತಳು.

"ಕಲ್ಲಾಗಿ ಬಾ ಬೇ. ನಾ ದಿನಾ ಎಣ್ಣಿ ಹಚ್ಚತೇನಿ, ಹೂ ಏರಸ್ತೇನಿ. ಜೀವಂತ ಬಾ, ಸಾಕು."

ಮರುದಿನ ಅವರು ಚೀಲಕ್ಕೆ ಬಟ್ಟೆ ತುಂಬಿದರು.

ಆಪರೇಷನ್ನಿನ ದಿನ ನಾನೂ ಅತ್ತೆಯೂ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದೆವು. ಅವರು ಬದುಕಿದರೆಂಬುದು ನಿಮಗೆ ಈಗಾಗಲೇ ಗೊತ್ತು, ನಿವೃತ್ತಿಯ ಸುದ್ದಿ ಹೇಳಿಬಿಟ್ಟಿದ್ದೇನೆ. ಅವತ್ತು ಆ ಬೆಂಚಿನ ಮೇಲೆ ಕೂತ ನನಗೆ ಗೊತ್ತಿರಲಿಲ್ಲ. ಬಾಗಿಲು ಕಿರ್ರ್ ಎಂದಾಗಲೆಲ್ಲ ತಲೆ ಎತ್ತಿ ನೋಡುತ್ತಿದ್ದೆ. ಧೈರ್ಯವಂತೆ ಎಂದು ಜಂಬ ಪಡುತ್ತಿದ್ದ ನಾನು ಎದ್ದು ನೀರು ಕುಡಿಯಲೂ ಆಗದೆ ಅತ್ತೆಯ ಕೈ ಹಿಡಿದು ಕೂತಿದ್ದೆ. ಮಧ್ಯಾಹ್ನ ಇಳಿದ ಮೇಲೆ ಡಾಕ್ಟರು ಹೊರಗೆ ಬಂದರು. ಗಡ್ಡೆ ಮುಟ್ಟಿದಾಗ ಬಿ.ಪಿ. ಹೌಹಾರುವಷ್ಟು ಏರಿತ್ತು, ಗಡ್ಡೆಯ ರಕ್ತನಾಳ ಕಟ್ಟಿದ ಕೂಡಲೇ ಪಾತಾಳಕ್ಕೆ ಇಳಿಯಿತು, ಎರಡಕ್ಕೂ ತಯಾರಾಗಿದ್ದೆವು, ಈಗ ಪರವಾಗಿಲ್ಲ ಎಂದರು. ಅತ್ತೆ ಡಾಕ್ಟರರ ಕಾಲಿಗೆ ಬೀಳಲು ಹೋದಳು, ಅವರು ಹಿಂದೆ ಸರಿದರು.

ಎರಡನೆಯ ದಿನ ಅವರನ್ನು ವಾರ್ಡಿಗೆ ತಂದರು. ಬೆರಳಿಗೆ ಕ್ಲಿಪ್ಪು, ತಲೆಯ ಹತ್ತಿರ ನಾಡಿಯ ಅಂಕಿ ತೋರಿಸುವ ಯಂತ್ರ. ಕಣ್ಣು ತೆರೆದರು, ಮಾತಿಲ್ಲ. ಕುಡಿಯಲು ಕೇಳಲಿಲ್ಲ, ಕಾಲೇಜಿನ ಸುದ್ದಿ ಕೇಳಲಿಲ್ಲ. ಸುಮ್ಮನೆ ಮೇಲೆ ನೋಡುತ್ತ ಮಲಗಿದ್ದರು. ಕಲ್ಲಾಗಿ ಹೊರಗೆ ಬಂದರೆ ಎಂಬ ಅವರ ಮಾತೇ ನನಗೆ ನೆನಪಾಯಿತು. ಔಷಧಿಯ ಮಂಪರು ಇರಬೇಕು ಎಂದು ಹೇಳಿಕೊಂಡೆ. ಹೇಳಿಕೊಂಡಷ್ಟೂ ನಂಬಿಕೆ ಬರಲಿಲ್ಲ.

ಪಕ್ಕದ ಮಂಚದಲ್ಲಿ ಜೇವರ್ಗಿ ಕಡೆಯ ಮುದುಕಿಯೊಬ್ಬಳಿದ್ದಳು. ಆಕೆಯ ಗಂಡ ಗುಳಿಗೆ ತರಲು ಕೆಳಗೆ ಹೋಗಿದ್ದ. ಮುದುಕನಿಗೆ ಓದಲು ಬಾರದು, ಆ ದೊಡ್ಡ ದವಾಖಾನೆಯಲ್ಲಿ ಯಾವ ಮೆಟ್ಟಿಲು ಎಲ್ಲಿಗೆ ಹೋಗುತ್ತದೆಂದೂ ತಿಳಿಯದು. ಎಷ್ಟು ಹೊತ್ತಾದರೂ ಅವನು ಬಾರದ್ದಕ್ಕೆ ಮುದುಕಿ ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಯಾರನ್ನೂ ಕೇಳಿರಲಿಲ್ಲ. ನಾನೂ ಕಿವಿಗೆ ಹಾಕಿಕೊಂಡಿರಲಿಲ್ಲ.

"ಆ ಮುದುಕಾ ಬಂದನೇನ್ರಿ?"

ಯಾರು ಕೇಳಿದರೆಂದು ನಾನು ಮೊದಲು ಬಾಗಿಲ ಕಡೆ ನೋಡಿದೆ. ಆಮೇಲೆ ಮಂಚದ ಕಡೆ ತಿರುಗಿದೆ. ಮೇಡಂ ತುಟಿ ಒಣಗಿತ್ತು, ಕಣ್ಣು ನನ್ನ ಮೇಲಿತ್ತು.

"ಬರ್ತಾನರಿ. ನೀವು ಮಲಗ್ರಿ."

"ಭಾಳ ಹೊತ್ತಾತು. ಎಲ್ಲಿ ಬಿದ್ದಾನೋ ಏನೋ. ಬರೀ ಹೊಟ್ಟ್ಯಾಗ ಹೋಗ್ಯಾನ ಅಂತ ಆಕಿ ಅನ್ನಾಕತ್ತಿದ್ದಳು..."

ಮಾತು ಅಲ್ಲಿಗೇ ನಿಂತಿತು. ಕಣ್ಣು ಮೆಲ್ಲಗೆ ಯಂತ್ರದ ಕಡೆ ಹೊರಳಿತು. ಅಂಕಿಯನ್ನೇ ನೋಡಿದರು, ಮತ್ತೆ ಬಾಗಿಲು ನೋಡಿದರು, ಮತ್ತೆ ಅಂಕಿ ನೋಡಿದರು. ನಾನೂ ನೋಡಿದೆ. ಸಮಾಧಾನದಿಂದ ನಡೆಯುವ ಎತ್ತಿನ ಹೆಜ್ಜೆಯಂತೆ ಅದು ಇದ್ದಲ್ಲೇ ಇತ್ತು.

"ಏರಿಲ್ಲಲ್ರಿ" ಎಂದರು.

"ಏರಿಲ್ರಿ ಮೇಡಂ."

"ಗಡ್ಡಿ ಹೋಗ್ಯದ. ಎದಿ ಬಡ್ಯಾಕತ್ತಿಲ್ಲ, ಕೈ ನಡುಗಾಕತ್ತಿಲ್ಲ. ಆದ್ರೂ ನನಗ ಫಿಕರ್ ಆಗ್ಯದರಿ, ಆ ಮುದುಕಂದು." ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. "ಇದು ನಂದೇ ಅದರಿ ತಂಗಿ. ಖಾಸ್ ನಂದು."

ನನಗೆ ಅಳು ತಡೆಯಲಾಗದೆ ಅವರ ಕೈ ಹಿಡಿದೆ. ಅವರು ಬಿಡಿಸಿಕೊಂಡು, ಇದ್ದ ಶಕ್ತಿಯಲ್ಲೇ ನನ್ನನ್ನು ಬಾಗಿಲ ಕಡೆ ತಳ್ಳಿದರು.

"ಅಳೋದು ಆಮ್ಯಾಲ ಅಳ್ರಿ. ಮೊದಲ ಹೋಗಿ ಅವನ್ನ ಹುಡುಕ್ರಿ."

ನಾನು ಮೆಟ್ಟಿಲಿಳಿದು ಓಡಿದೆ. ಮುದುಕ ಸಿಗದಿದ್ದರೆ ಏನು ಗತಿ ಎಂದು ನನ್ನ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು.